ಮರಳಿ ಬಂದ ಅಧಿಕಾರ ಯಾರ ಮನೆ ಸೇರಿತು?

ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ, ಅದನ್ನು ಬಿಡಬೇಕೇ ಎಂಬ ಪ್ರಶ್ನೆಗೆ ಬ್ರಿಟನ್ನಿನ ಜನ 2016ನೆಯ ಇಸವಿ ಜೂನ್ 23ರಂದು ಮತ ಕೊಟ್ಟರು. ಬಿಡಬೇಕೆಂದವರು ಶೇಕಡಾ 51.9, ಉಳಿಯಬೇಕೆಂದವರು ಶೇಕಡಾ 48.1. ಆ ತೀರ್ಪಿನಂತೆ 2020ರ ಜನವರಿ 31ರಂದು ಬ್ರಿಟನ್ನು ಒಕ್ಕೂಟದಿಂದ ಹೊರಬಂತು. ಬ್ರಸೆಲ್ಸ್ ನಗರದ ಅಧಿಕಾರಿಗಳ ಕೈಗೆ ಒಪ್ಪಿಸಿದ ಅಧಿಕಾರವನ್ನು ಮರಳಿ ಮನೆಗೆ ತರೋಣ ಎಂಬುದೇ ಬಿಡುವ ಪಕ್ಷದವರ ದೊಡ್ಡ ವಾದವಾಗಿತ್ತು. ಅಧಿಕಾರ ಮರಳಿ ಬಂದುದು ನಿಜ. ಆದರೆ ಅದು ಯಾರ ಮನೆ ಸೇರಿತು? ಅಂತರರಾಷ್ಟ್ರೀಯ ಕೂಟವೊಂದನ್ನು ಬಿಟ್ಟು ಬರುವ ದೇಶದೊಳಗಿನ ಸಣ್ಣ ನಾಡುಗಳ ಗತಿ ಏನಾಗುತ್ತದೆಂಬುದು ಈ ಪ್ರಶ್ನೆಯಲ್ಲಿ ಅಡಗಿದೆ. ಅಧಿಕಾರ ಜನರ ಬಳಿಗೆ ಇಳಿಯಬೇಕೆನ್ನುವ ಸಮಾಜವಾದಿಗಳು ಇದನ್ನು ಕೇಳಲೇಬೇಕು.

ಬ್ರಿಟನ್ನೆಂದರೆ ಇಂಗ್ಲೆಂಡು ಎಂದೇ ನಮ್ಮಲ್ಲಿ ಬಹು ಮಂದಿಯ ತಿಳಿವಳಿಕೆ. ವಾಸ್ತವವಾಗಿ ಅದು ಇಂಗ್ಲೆಂಡು, ಸ್ಕಾಟ್ಲೆಂಡು, ವೇಲ್ಸ್, ಉತ್ತರ ಐರ್ಲೆಂಡು ಎಂಬ ನಾಲ್ಕು ನಾಡುಗಳು ಸೇರಿ ಆದ ರಾಜ್ಯ. ನಾಲ್ಕೂ ನಾಡುಗಳು ಒಂದೇ ತೆರನಾಗಿ ಮತ ಕೊಡಲಿಲ್ಲ. ಇಂಗ್ಲೆಂಡಿನಲ್ಲಿ ಶೇಕಡಾ 53.4, ವೇಲ್ಸಿನಲ್ಲಿ ಶೇಕಡಾ 52.5 ಮತಗಳು ಬಿಡುವ ಪರವಾಗಿ ಬಿದ್ದವು. ಸ್ಕಾಟ್ಲೆಂಡಿನಲ್ಲಿ ಶೇಕಡಾ 62ರಷ್ಟು ಮಂದಿ ಉಳಿಯಬೇಕೆಂದರು; ಅಲ್ಲಿನ 32 ಸ್ಥಳೀಯ ಆಡಳಿತ ಪ್ರದೇಶಗಳ ಪೈಕಿ ಒಂದರಲ್ಲಿಯೂ ಬಿಡುವವರಿಗೆ ಬಹುಮತ ಸಿಗಲಿಲ್ಲ. ಉತ್ತರ ಐರ್ಲೆಂಡಿನಲ್ಲಿಯೂ ಶೇಕಡಾ 55.8 ಮಂದಿ ಉಳಿಯುವ ಪರವಾಗಿದ್ದರು. ಆದರೂ ನಾಲ್ಕು ನಾಡುಗಳೂ ಹೊರಬರಬೇಕಾಯಿತು. ಇಡೀ ರಾಜ್ಯದ ಜನಸಂಖ್ಯೆಯಲ್ಲಿ ಆರರಲ್ಲಿ ಐದು ಪಾಲು ಇಂಗ್ಲೆಂಡಿನದೇ. ಎಲ್ಲ ಮತಗಳನ್ನೂ ಒಂದೇ ರಾಶಿಗೆ ಸುರಿದು ಅಳೆದರೆ ಇಂಗ್ಲೆಂಡು ಹೇಳಿದ್ದೇ ತೀರ್ಪಾಗುತ್ತದೆ.

ಒಂದು ರಾಜ್ಯವೆಂದ ಮೇಲೆ ಒಂದೇ ಲೆಕ್ಕ ತಾನೆ, ಪ್ರಜಾಪ್ರಭುತ್ವವೆಂದರೆ ಬಹುಮತವಲ್ಲವೆ ಎಂದು ಕೇಳುವವರಿದ್ದಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಬಹುಮತ ಮುಂದಿನ ದಾರಿಯನ್ನು ನಿರ್ಧರಿಸಿದ ಮೇಲೆ, ಆ ದಾರಿಯಲ್ಲಿ ನಡೆಯುವಾಗ ಅಲ್ಪಮತದ ನಾಡುಗಳನ್ನು ಕೇಳಿದರೇ, ಅವುಗಳಿಗಿದ್ದ ಅಧಿಕಾರವನ್ನು ಉಳಿಸಿದರೇ ಎಂಬುದನ್ನೂ ನೋಡಬೇಕು. ಅದನ್ನು ನೋಡಿದರೆ ಬಹುಮತದ ಹೆಸರಿನಲ್ಲಿ ನಡೆದುದೇನೆಂದು ತಿಳಿಯುತ್ತದೆ.

ಸ್ಕಾಟ್ಲೆಂಡಿನ ಜನ 1997ರ ಸೆಪ್ಟೆಂಬರಿನಲ್ಲಿ ತಮಗೆ ಸ್ವಂತ ಪಾರ್ಲಿಮೆಂಟು ಬೇಕೆಂದು ಮತ ಕೊಟ್ಟರು. 1998ರಲ್ಲಿ ಕಾಯಿದೆಯಾಯಿತು, 1999ರಲ್ಲಿ ಎಡಿನ್‌ಬರೊ ನಗರದಲ್ಲಿ 129 ಸದಸ್ಯರ ಪಾರ್ಲಿಮೆಂಟು ಕೆಲಸ ಆರಂಭಿಸಿತು. ಶಿಕ್ಷಣ, ಆರೋಗ್ಯ, ಕೃಷಿ, ಮೀನುಗಾರಿಕೆ, ಪರಿಸರ ಮೊದಲಾದವು ಅದರ ಪಾಲಿಗೆ ಬಂದವು. ಆದರೆ ಇವುಗಳಲ್ಲಿ ಕೃಷಿ, ಮೀನುಗಾರಿಕೆ, ಪರಿಸರಗಳ ಮುಖ್ಯ ನಿಯಮಗಳು ಐರೋಪ್ಯ ಒಕ್ಕೂಟದಲ್ಲಿಯೇ ರೂಪಗೊಳ್ಳುತ್ತಿದ್ದವು. ಆ ನಿಯಮಗಳನ್ನು ಎಡಿನ್‌ಬರೊ ಮೀರುವಂತಿರಲಿಲ್ಲ, ಲಂಡನ್ನೂ ಮೀರುವಂತಿರಲಿಲ್ಲ. ಇಬ್ಬರ ಮೇಲೂ ಒಂದೇ ಮಾಡು ಇತ್ತು. ಮಾಡು ಕಳಚಿದ ದಿನ ಈ ಅಧಿಕಾರಗಳು ಎಲ್ಲಿ ಬೀಳಬೇಕು? ಕೃಷಿ ಎಡಿನ್‌ಬರೊದ ವಿಷಯವೆಂದು ಕಾಯಿದೆಯಲ್ಲಿಯೇ ಇರುವಾಗ ಅದು ಎಡಿನ್‌ಬರೊದ ಅಂಗಳಕ್ಕೆ ಬೀಳಬೇಕೆಂಬುದು ಸಾಮಾನ್ಯ ಬುದ್ಧಿಗೆ ತೋರುವ ಉತ್ತರ.

ಲಂಡನ್ನಿನ ಸರಕಾರಕ್ಕೆ ತೋರಿದ ಉತ್ತರ ಬೇರೆ. 2020ರ ಡಿಸೆಂಬರಿನಲ್ಲಿ ಅದು ಆಂತರಿಕ ಮಾರುಕಟ್ಟೆಯ ಕಾಯಿದೆಯನ್ನು ತಂದಿತು. ಬ್ರಿಟನ್ನಿನ ಒಂದು ನಾಡಿನಲ್ಲಿ ಮಾರಲು ಯೋಗ್ಯವಾದ ಸರಕನ್ನು ಉಳಿದ ನಾಡುಗಳಲ್ಲಿಯೂ ತಡೆಯಿಲ್ಲದೆ ಮಾರಬಹುದೆಂಬುದು ಅದರ ಸಾರ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ವ್ಯವಹಾರದಲ್ಲಿ ಅದರ ಅರ್ಥವೇನು? ಸ್ಕಾಟ್ಲೆಂಡಿನ ಪಾರ್ಲಿಮೆಂಟು ಒಂದು ಸರಕಿಗೆ ಬಿಗಿಯಾದ ನಿಯಮ ಮಾಡಿದರೂ ಇಂಗ್ಲೆಂಡಿನ ಸಡಿಲ ನಿಯಮದಂತೆ ತಯಾರಾದ ಸರಕು ಅಲ್ಲಿಗೆ ಬಂದು ಮಾರಾಟವಾಗುತ್ತದೆ. ಆ ನಿಯಮ ಸ್ಕಾಟ್ಲೆಂಡಿನ ತಯಾರಕನನ್ನು ಮಾತ್ರ ಕಟ್ಟಿಹಾಕುತ್ತದೆ. ವಿನಾಯಿತಿ ಬೇಕಾದರೆ ಲಂಡನ್ನಿನ ಮಂತ್ರಿಗಳ ಒಪ್ಪಿಗೆ ಬೇಕು. ಸ್ಕಾಟ್ಲೆಂಡು, ವೇಲ್ಸ್ ಎರಡರ ಶಾಸನ ಸಭೆಗಳೂ ಈ ಕಾಯಿದೆಗೆ ಸಮ್ಮತಿ ಕೊಡಲಿಲ್ಲ. ಕಾಯಿದೆ ನಿಲ್ಲಲಿಲ್ಲ.

ಒಂದು ಸಣ್ಣ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಅಂಗಡಿಯಲ್ಲಿ ಸೋಡಾ ಕುಡಿದು ಬಾಟ್ಲಿ ಹಿಂದಿರುಗಿಸಿದರೆ ಠೇವಣಿ ಮರಳಿ ಕೊಡುವ ಪದ್ಧತಿ ನಮ್ಮ ಓದುಗರಿಗೆ ಹೊಸದಲ್ಲ. ಕಸ ಕಡಿಮೆ ಮಾಡುವುದಕ್ಕಾಗಿ ಸ್ಕಾಟ್ಲೆಂಡು ಇಂತಹದೇ ಯೋಜನೆ ಮಾಡಿತು. ಪ್ಲಾಸ್ಟಿಕ್ ಬಾಟ್ಲಿ, ಡಬ್ಬಿ, ಗಾಜಿನ ಬಾಟ್ಲಿಗಳಿಗೆ ತಲಾ 20 ಪೆನ್ಸ್ ಠೇವಣಿ. ಪರಿಸರ ಸ್ಕಾಟ್ಲೆಂಡಿನ ಪಾರ್ಲಿಮೆಂಟಿಗೆ ಸೇರಿದ ವಿಷಯ. ಆದರೂ ಈ ಹೊಸ ಕಾಯಿದೆಯ ಪ್ರಕಾರ ಲಂಡನ್ನಿನ ವಿನಾಯಿತಿ ಕೇಳಬೇಕಾಯಿತು. 2023ರ ಮೇ ತಿಂಗಳಲ್ಲಿ ಗಾಜನ್ನು ಬಿಟ್ಟರೆ ಮಾತ್ರ ವಿನಾಯಿತಿ ಎಂದು ಲಂಡನ್ ತಿಳಿಸಿತು. ಮರುತಿಂಗಳೇ ಯೋಜನೆ ಮುಂದಕ್ಕೆ ಹೋಯಿತು. ಆ ಯೋಜನೆಯಲ್ಲಿ ಬೇರೆ ಲೋಪಗಳೂ ಇದ್ದವು, ವ್ಯಾಪಾರಿಗಳ ವಿರೋಧವೂ ಇತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ತನ್ನ ಅಂಗಡಿಗಳಲ್ಲಿ ಖಾಲಿ ಬಾಟ್ಲಿಯನ್ನು ಏನು ಮಾಡಬೇಕೆಂದು ಒಂದು ಪಾರ್ಲಿಮೆಂಟು ಇನ್ನೊಂದು ರಾಜಧಾನಿಯನ್ನು ಕೇಳಬೇಕಾದರೆ ಅದನ್ನು ಸ್ವಯಮಾಡಳಿತವೆಂದು ಹೇಗೆ ಕರೆಯೋಣ? ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಇಲ್ಲಿ ನಿಜವಾಯಿತು.

ಈ ನಾಡುಗಳ ಸಮ್ಮತಿಯಿಲ್ಲದೆ ಅವುಗಳಿಗೆ ಕೊಟ್ಟ ವಿಷಯಗಳಲ್ಲಿ ಲಂಡನ್ನಿನ ಪಾರ್ಲಿಮೆಂಟು ಸಾಮಾನ್ಯವಾಗಿ ಕಾಯಿದೆ ಮಾಡುವುದಿಲ್ಲವೆಂಬ ಒಂದು ಸಂಪ್ರದಾಯವಿತ್ತು. 2016ರ ಸ್ಕಾಟ್ಲೆಂಡ್ ಕಾಯಿದೆಯಲ್ಲಿ ಅದನ್ನು ಬರೆದೂ ಇಟ್ಟರು. ಆದರೆ ‘ಸಾಮಾನ್ಯವಾಗಿ’ ಎಂಬ ಮಾತು ಉಳಿಯಿತು. 2017ರ ಜನವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇದು ರಾಜಕೀಯ ಸಂಪ್ರದಾಯವೇ ಹೊರತು ನ್ಯಾಯಾಲಯ ಜಾರಿಗೆ ತರಬಹುದಾದ ಹಕ್ಕಲ್ಲವೆಂದು ಹೇಳಿತು. 2018ರ ಮೇ 15ರಂದು ಸ್ಕಾಟ್ಲೆಂಡಿನ ಪಾರ್ಲಿಮೆಂಟು 93ಕ್ಕೆ 30 ಮತಗಳಿಂದ ಒಕ್ಕೂಟ ಬಿಡುವ ಮಸೂದೆಗೆ ಸಮ್ಮತಿ ನಿರಾಕರಿಸಿತು. ಮಸೂದೆ ಕಾಯಿದೆಯಾಯಿತು. 2020ರ ಜನವರಿಯಲ್ಲಿ ಕೊನೆಯ ಒಪ್ಪಂದದ ಮಸೂದೆ ಬಂದಾಗ ಎಡಿನ್‌ಬರೊ, ಕಾರ್ಡಿಫ್, ಬೆಲ್‌ಫಾಸ್ಟ್ ಮೂರೂ ಸಭೆಗಳು ಒಪ್ಪಲಿಲ್ಲ. ಅದೂ ಕಾಯಿದೆಯಾಯಿತು.

ಗೇಣಿದಾರನ ಕಷ್ಟ ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಡೆಯ ಮುಗುಳ್ನಗುತ್ತ ಇರುವ ತನಕ ಗದ್ದೆ ತನ್ನದೆಂದೇ ಗೇಣಿದಾರ ಬದು ಹಾಕುತ್ತಾನೆ, ಗೊಬ್ಬರ ಹೊರುತ್ತಾನೆ. ಒಡೆಯನಿಗೆ ಬೇಡವಾದ ದಿನ, ಪಹಣಿಯಲ್ಲಿ ತನ್ನ ಹೆಸರಿಲ್ಲವೆಂಬುದು ಅವನಿಗೆ ತಿಳಿಯುತ್ತದೆ. ಈ ಮೂರು ನಾಡುಗಳ ಸಭೆಗಳಿಗೆ 2020ರಲ್ಲಿ ತಿಳಿದದ್ದು ಇದೇ.

ಲಂಡನ್ನಿನ ಪಾರ್ಲಿಮೆಂಟಿನ ಈ ರೀತಿ ಭಾರತಕ್ಕೆ ಅಪರಿಚಿತವಲ್ಲ. ಅದೇ ಪಾರ್ಲಿಮೆಂಟು 1935ರ ಕಾಯಿದೆಯಿಂದ ನಮ್ಮ ಪ್ರಾಂತಗಳಿಗೆ ಸ್ವಾಯತ್ತತೆ ಕೊಟ್ಟಿತು. 1937ರಲ್ಲಿ ಚುನಾಯಿತ ಮಂತ್ರಿಮಂಡಲಗಳು ಬಂದವು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯ ಕನ್ನಡಿಗರು ಆಗ ಮುಂಬಯಿ ಪ್ರಾಂತದಲ್ಲಿದ್ದರು. ಬಳ್ಳಾರಿ, ಮಂಗಳೂರಿನವರು ಮದರಾಸು ಪ್ರಾಂತದಲ್ಲಿದ್ದರು. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಆ ಮಂತ್ರಿಮಂಡಲಗಳನ್ನು ಒಂದು ಮಾತೂ ಕೇಳದೆ ಭಾರತವು ಯುದ್ಧದಲ್ಲಿದೆಯೆಂದು ಸಾರಿದ. ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಪರಾಧೀನ ಭಾರತವೂ ಸ್ಕಾಟ್ಲೆಂಡೂ ಒಂದೇ ಎಂದು ನಾವು ಹೇಳುವುದಿಲ್ಲ. ಸ್ಕಾಟ್ಲೆಂಡಿನವರು ಲಂಡನ್ನಿನ ಪಾರ್ಲಿಮೆಂಟಿಗೆ ಸದಸ್ಯರನ್ನು ಆರಿಸಿ ಕಳಿಸುತ್ತಾರೆ; ಸಾಮ್ರಾಜ್ಯದ ಲಾಭದಲ್ಲಿ ಅವರ ಪಾಲೂ ಇತ್ತು. ಆದರೆ ಮೇಲಿನಿಂದ ದಯಪಾಲಿಸಿದ ಸ್ವಾಯತ್ತತೆ ದೊಡ್ಡ ಪ್ರಶ್ನೆ ಬಂದ ದಿನ ಎಷ್ಟು ಬಾಳುತ್ತದೆಂಬ ಪಾಠ ಎರಡು ಕಡೆಯೂ ಒಂದೇ.

ಇನ್ನು ಸ್ವಾತಂತ್ರ್ಯ ಚಳವಳಿಯ ಮಾತು. 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನಲ್ಲಿ ಸ್ವಾತಂತ್ರ್ಯದ ಬಗ್ಗೆ ಜನಮತ ಕೇಳಿದಾಗ ಶೇಕಡಾ 55.3 ಮಂದಿ ಬೇಡವೆಂದರು, ಶೇಕಡಾ 44.7 ಮಂದಿ ಬೇಕೆಂದರು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕಾದರೆ ಬ್ರಿಟನ್ನಿನಲ್ಲಿಯೇ ಉಳಿಯಿರಿ ಎಂದು ಅಂದು ಬೇಡವೆನ್ನುವ ಪಕ್ಷದವರು ವಾದಿಸಿದ್ದರು. ಎರಡು ವರ್ಷ ತುಂಬುವುದರೊಳಗೆ ಆ ವಾದ ಸುಳ್ಳಾಯಿತು. ಸಹಜವಾಗಿಯೇ ಸ್ವಾತಂತ್ರ್ಯದ ಕೂಗು ಮತ್ತೆ ಎದ್ದಿತು. 2021ರ ಚುನಾವಣೆಯಲ್ಲಿ ಸ್ವಾತಂತ್ರ್ಯದ ಪರವಾದ ಎರಡು ಪಕ್ಷಗಳು ಸೇರಿ 129ರಲ್ಲಿ 72 ಸ್ಥಾನ ಗೆದ್ದವು. ಹೊಸದಾಗಿ ಜನಮತ ಕೇಳುವ ಕಾಯಿದೆ ಮಾಡಬಹುದೇ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಲಂಡನ್ನಿನ ಒಪ್ಪಿಗೆಯಿಲ್ಲದೆ ಕೇಳುವಂತಿಲ್ಲವೆಂದು 2022ರ ನವೆಂಬರ್ 23ರಂದು ಐವರು ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು. ಹೊರಗೆ ಹೋಗುವ ಬಾಗಿಲ ಬೀಗದ ಕೈ, ಯಾರನ್ನು ಬಿಟ್ಟು ಹೋಗಬೇಕೋ ಅವರ ಸೊಂಟದಲ್ಲಿಯೇ ಉಳಿಯಿತು.

ಕೂಟ ಬಿಟ್ಟದ್ದರಿಂದ ಸ್ವಾತಂತ್ರ್ಯದ ಆಸೆ ಹೆಚ್ಚಿತು. ಅದೇ ಕಾರಣದಿಂದ ದಾರಿ ಕಠಿಣವೂ ಆಯಿತು. ಇದನ್ನು ಚಳವಳಿಯ ಮಿತ್ರರು ಸಾಮಾನ್ಯವಾಗಿ ಹೇಳುವುದಿಲ್ಲ. 2014ರಲ್ಲಿ ಸ್ಕಾಟ್ಲೆಂಡು ಬೇರೆಯಾಗಿದ್ದರೆ ಎರಡು ದೇಶಗಳೂ ಒಕ್ಕೂಟದೊಳಗೇ ಇರುವ ಯೋಜನೆಯಿತ್ತು. ನಡುವೆ ಸುಂಕದ ಕಟ್ಟೆ ಬೇಕಾಗುತ್ತಿರಲಿಲ್ಲ. ಈಗ ಬೇರೆಯಾಗಿ ಒಕ್ಕೂಟಕ್ಕೆ ಸೇರಿದರೆ ಇಂಗ್ಲೆಂಡಿನ ಗಡಿಯೇ ಒಕ್ಕೂಟದ ಹೊರಗಡಿಯಾಗುತ್ತದೆ. ಸ್ಕಾಟ್ಲೆಂಡು ಹೊರಕ್ಕೆ ಮಾರುವ ಸರಕು ಮತ್ತು ಸೇವೆಗಳಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಬ್ರಿಟನ್ನಿನ ಉಳಿದ ನಾಡುಗಳಿಗೇ ಹೋಗುತ್ತದೆ. ಲಾರಿ ಓಡಿಸುವವನು, ಕಾರ್ಖಾನೆಯಲ್ಲಿ ದುಡಿಯುವವನು, ಗಡಿಯ ಆಚೆ ಅಣ್ಣತಮ್ಮಂದಿರನ್ನು ಇಟ್ಟುಕೊಂಡವನು ಈ ಲೆಕ್ಕವನ್ನು ಹಾಕದೆ ಇರುತ್ತಾನೆಯೆ? ಐದಾರು ವರ್ಷ ಅಭಿಪ್ರಾಯ ಸಂಗ್ರಹಣೆಗಳಲ್ಲಿ ಸ್ವಾತಂತ್ರ್ಯದ ಪರ ಅರ್ಧದ ಆಸುಪಾಸಿನಲ್ಲಿಯೇ ಜನ ನಿಂತಿದ್ದಕ್ಕೆ ಇದೂ ಒಂದು ಕಾರಣ. ದೀರ್ಘ ಆಡಳಿತದಿಂದ ಬೇಸರ ಹುಟ್ಟಿಸಿದ ಸ್ಕಾಟಿಷ್ ನ್ಯಾಷನಲ್ ಪಕ್ಷ 2024ರ ಜುಲೈ ಚುನಾವಣೆಯಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿದ್ದ ತನ್ನ ಸ್ಥಾನಗಳನ್ನು 9ಕ್ಕೆ ಇಳಿಸಿಕೊಂಡಿತು. 2019ರಲ್ಲಿ 48 ಗೆದ್ದಿತ್ತು. ಪಕ್ಷ ಸೋತಿತೆಂದು ಆಸೆ ಸಾಯಲಿಲ್ಲ. ಆದರೆ ಬರಿಯ ಮುನಿಸಿನಿಂದ ರಾಜ್ಯ ಕಟ್ಟಲಾಗದೆಂಬುದೂ ಸಿದ್ಧವಾಯಿತು.

ಉತ್ತರ ಐರ್ಲೆಂಡಿನಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ. ಮೂವತ್ತು ವರ್ಷಗಳ ರಕ್ತಪಾತದ ಬಳಿಕ 1998ರ ಏಪ್ರಿಲ್ 10ರಂದು ಅಲ್ಲಿ ಶಾಂತಿಯ ಒಪ್ಪಂದವಾಯಿತು. ಎರಡು ಐರ್ಲೆಂಡುಗಳ ನಡುವಣ ಸುಮಾರು 500 ಕಿಲೋಮೀಟರಿನ ಗಡಿಯಲ್ಲಿ ಸೈನಿಕರ ಠಾಣೆಗಳು ಇಲ್ಲವಾದವು. ಎರಡೂ ಒಕ್ಕೂಟದಲ್ಲಿದ್ದುದರಿಂದ ಸುಂಕದ ಕಟ್ಟೆಗಳು ಮೊದಲೇ ಹೋಗಿದ್ದವು. ಬ್ರಿಟನ್ನು ಒಕ್ಕೂಟ ಬಿಟ್ಟಾಗ ಗಡಿಯನ್ನು ಎಲ್ಲಿಯಾದರೂ ಇಡಬೇಕಾಯಿತು. ನೆಲದ ಮೇಲೆ ಇಟ್ಟರೆ ಶಾಂತಿಗೆ ಅಪಾಯ. ಆದುದರಿಂದ ಸಮುದ್ರದಲ್ಲಿಟ್ಟರು, ಬ್ರಿಟನ್ನಿನ ದ್ವೀಪದಿಂದ ಉತ್ತರ ಐರ್ಲೆಂಡಿಗೆ ಹೋಗುವ ಸರಕಿಗೆ 2021ರಿಂದ ತಪಾಸಣೆ ಬಂತು. ಬ್ರಿಟನ್ನಿನ ಐಕ್ಯದ ಹೆಸರಿನಲ್ಲಿ ಒಕ್ಕೂಟ ಬಿಡಬೇಕೆಂದು ಕೂಗಿದ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷಕ್ಕೇ, ಬ್ರಿಟನ್ನಿನಿಂದ ತಮ್ಮ ನಾಡನ್ನು ಬೇರ್ಪಡಿಸುವ ಗೆರೆ ಕಾಣಿಕೆಯಾಗಿ ಸಿಕ್ಕಿತು. ಅದು 2022ರ ಫೆಬ್ರವರಿಯಲ್ಲಿ ಮಂತ್ರಿಮಂಡಲದಿಂದ ಹೊರನಡೆಯಿತು. ಎರಡು ವರ್ಷ ಬೆಲ್‌ಫಾಸ್ಟಿನ ಸ್ವಯಮಾಡಳಿತಕ್ಕೆ ಬೀಗ ಬಿತ್ತು. 2024ರ ಫೆಬ್ರವರಿಯಲ್ಲಿ ಬೀಗ ತೆರೆದಾಗ, ಐರ್ಲೆಂಡು ಒಂದಾಗಬೇಕೆನ್ನುವ ಶಿನ್ ಫೇನ್ ಪಕ್ಷದ ಮಿಶೆಲ್ ಓನೀಲ್ ಪ್ರಥಮ ಮಂತ್ರಿಯಾದರು. ಆ ನಾಡಿನ ಇತಿಹಾಸದಲ್ಲಿ ಅಂತಹ ಪಕ್ಷದವರು ಆ ಸ್ಥಾನಕ್ಕೆ ಬಂದುದು ಅದೇ ಮೊದಲು.

ಇಲ್ಲಿ ಓದುಗರು ಒಂದು ಭೇದವನ್ನು ಗಮನಿಸಬೇಕು. ಉತ್ತರ ಐರ್ಲೆಂಡಿನ ಬಹುಮತ ಐರ್ಲೆಂಡಿನ ಕಡೆಗೆ ತಿರುಗುವ ಸಂಭವವಿದೆಯೆಂದು ತೋರಿದರೆ ಜನಮತ ಕೇಳಲೇಬೇಕೆಂದು 1998ರ ಕಾಯಿದೆಯಲ್ಲಿಯೇ ಬರೆದಿದೆ. ಹಾಗೆ ಒಂದಾದರೆ ಇಡೀ ಐರ್ಲೆಂಡು ಒಕ್ಕೂಟದೊಳಗಿರುತ್ತದೆಂದು ಐರೋಪ್ಯ ನಾಯಕರು 2017ರ ಏಪ್ರಿಲಿನಲ್ಲಿ ಒಪ್ಪಿದ್ದಾರೆ. ಆ ಸಂಭವವನ್ನು ಅಳೆಯುವ ಮಂತ್ರಿ ಲಂಡನ್ನಿನವನೇ ಎಂಬುದು ನಿಜ. ಆದರೂ ಬಾಗಿಲೆಂಬುದೊಂದು ಇದೆ, ಅದು ಬರಹದಲ್ಲಿದೆ. ಸ್ಕಾಟ್ಲೆಂಡಿಗೆ ಅಂತಹ ಬರಹವಿಲ್ಲ. ಒಂದು ಕಡೆ ಹಕ್ಕು, ಇನ್ನೊಂದು ಕಡೆ ಹಂಗು.

ವೇಲ್ಸಿನ ಕಥೆ ನಮ್ಮಂತಹ ಸಮಾಜವಾದಿಗಳಿಗೆ ಹೆಚ್ಚು ನೋವಿನದು. ಬಡವನಿಗೆ ಉಚಿತ ಚಿಕಿತ್ಸೆ ಕೊಡುವ ವ್ಯವಸ್ಥೆಯನ್ನು 1948ರಲ್ಲಿ ಬ್ರಿಟನ್ನಿಗೆ ಕಟ್ಟಿಕೊಟ್ಟ ಅನ್ಯೂರಿನ್ ಬೆವನ್ ಅಲ್ಲಿನ ಎಬ್ಬು ವೇಲ್ ಕ್ಷೇತ್ರದ ಸದಸ್ಯ. ಅಲ್ಲಿನ ಕಲ್ಲಿದ್ದಲ ಗಣಿಗಳು ಒಂದೊಂದಾಗಿ ಮುಚ್ಚಿದವು. 2002ರಲ್ಲಿ ಉಕ್ಕಿನ ಕಾರ್ಖಾನೆಯೂ ಮುಚ್ಚಿತು. ಪಶ್ಚಿಮ ವೇಲ್ಸ್ ಮತ್ತು ಕಣಿವೆಗಳ ಪ್ರದೇಶ ಒಕ್ಕೂಟದ ಬಡ ಪ್ರದೇಶಗಳ ಪಟ್ಟಿಯಲ್ಲಿತ್ತು. ಆ ಲೆಕ್ಕದಲ್ಲಿ ಹೇರಳವಾಗಿ ಹಣವೂ ಬಂತು. ಆದರೂ ಎಬ್ಬು ವೇಲ್ ಇರುವ ಬ್ಲೈನೈ ಗ್ವೆಂಟ್ ಪ್ರದೇಶದಲ್ಲಿ ಶೇಕಡಾ 62 ಮಂದಿ ಬಿಡಬೇಕೆಂದರು. ಇವರು ಕೃತಘ್ನರೆಂದು ಲಂಡನ್ನಿನ ಪಂಡಿತರು ನಕ್ಕರು. ನಾವು ನಗುವುದಿಲ್ಲ. ಕೈಗೆ ಕೆಲಸ ಕೊಡದೆ ರಸ್ತೆ, ಕಟ್ಟಡ, ಫಲಕಗಳನ್ನು ಕೊಟ್ಟರೆ ಜನ ಫಲಕವನ್ನು ನೋಡಿ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಮತದ ಬಳಿಕ ಆದದ್ದೇನು? ಕಾರ್ಡಿಫ್ ಸರಕಾರದ ಕೈಯಿಂದ ಹಂಚಿಕೆಯಾಗುತ್ತಿದ್ದ ಐರೋಪ್ಯ ಹಣದ ಜಾಗದಲ್ಲಿ 2022ರಲ್ಲಿ ಲಂಡನ್ ಒಂದು ನಿಧಿ ಮಾಡಿ, ಕಾರ್ಡಿಫನ್ನು ಬದಿಗಿಟ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳಿಗೆ ಹಂಚತೊಡಗಿತು. ಅಧಿಕಾರ ಮನೆಗೆ ಬರಲೆಂದು ಮತ ಕೊಟ್ಟ ವೇಲ್ಸಿನವರ ಮನೆಯಿಂದಲೇ ಅಧಿಕಾರ ಹೊರಟುಹೋಯಿತು.

ಹಾಗಾದರೆ ಐರೋಪ್ಯ ಒಕ್ಕೂಟ ಸಣ್ಣ ನಾಡುಗಳ ರಕ್ಷಕನೇ? ಖಂಡಿತ ಅಲ್ಲ. 2017ರ ಅಕ್ಟೋಬರಿನಲ್ಲಿ ಕೆಟಲೋನಿಯದ ಜನ ಮತಗಟ್ಟೆಗೆ ಬಂದಾಗ ಸ್ಪೇನಿನ ಪೊಲೀಸರು ಲಾಠಿ ಬೀಸಿದರು. ಅದೇ ತಿಂಗಳು ಅಲ್ಲಿನ ಸ್ವಾಯತ್ತ ಸರಕಾರವನ್ನು ವಜಾ ಮಾಡಿದರು. ಒಕ್ಕೂಟ ಇದು ಸ್ಪೇನಿನ ಆಂತರಿಕ ವಿಷಯವೆಂದಿತು. 2015ರ ಜುಲೈಯಲ್ಲಿ ಗ್ರೀಸಿನ ಜನ ಸಾಲಗಾರರ ಷರತ್ತುಗಳನ್ನು ಶೇಕಡಾ 61 ಮತದಿಂದ ತಿರಸ್ಕರಿಸಿದರೂ ಕಠಿಣ ಷರತ್ತುಗಳು ಅವರ ತಲೆಗೇ ಬಂದವು. ಒಕ್ಕೂಟದಲ್ಲಿ ಪ್ರದೇಶಗಳಿಗಾಗಿ 1994ರಲ್ಲಿ ಒಂದು ಸಮಿತಿಯಾಯಿತು. ಅದು ಸಲಹೆ ಕೊಡಬಹುದು, ತೀರ್ಮಾನ ಮಾಡುವಂತಿಲ್ಲ. ಅದು ಸರಕಾರಗಳ ಕೂಟ. ಸರಕಾರಗಳು ಪರಸ್ಪರ ಬೆನ್ನು ಕಾಯುತ್ತವೆ. ಲಂಡನ್ನಿನ ಹಂಗು ತಪ್ಪಿದರೆ ಬ್ರಸೆಲ್ಸಿನಲ್ಲಿ ಸ್ವರ್ಗವಿದೆಯೆಂದು ಸ್ಕಾಟ್ಲೆಂಡಿನ ದುಡಿಯುವ ಜನಕ್ಕೆ ಹೇಳುವವರು ಅವರನ್ನು ದಾರಿ ತಪ್ಪಿಸುತ್ತಾರೆ.

ಕೂಟ ಬಿಡುವುದೇ ಸ್ವಯಮಾಡಳಿತಕ್ಕೆ ಮಾರಕವೆಂದೂ ಹೇಳಲಾಗದು. ಗ್ರೀನ್‌ಲೆಂಡನ್ನು ನೋಡಿ. 1972ರಲ್ಲಿ ಡೆನ್ಮಾರ್ಕು ಐರೋಪ್ಯ ಸಮುದಾಯ ಸೇರಲು ಜನಮತ ಕೇಳಿದಾಗ ಗ್ರೀನ್‌ಲೆಂಡಿನ ಹತ್ತರಲ್ಲಿ ಏಳು ಮಂದಿ ಬೇಡವೆಂದರು. ಆದರೂ ಡೆನ್ಮಾರ್ಕಿನ ಬಾಲವಾಗಿ ಒಳಗೆ ಹೋಗಬೇಕಾಯಿತು. ಪರದೇಶದ ದೊಡ್ಡ ದೋಣಿಗಳು ಅವರ ಮೀನನ್ನು ಬಾಚತೊಡಗಿದವು. 1979ರಲ್ಲಿ ಅವರು ಸ್ವಯಮಾಡಳಿತ ಪಡೆದರು. 1982ರಲ್ಲಿ ತಮ್ಮದೇ ಜನಮತ ಕೇಳಿದರು. ಶೇಕಡಾ 53 ಮಂದಿ ಬಿಡೋಣವೆಂದರು. 1985ರ ಫೆಬ್ರವರಿ 1ರಂದು ಹೊರಬಂದರು. ಡೆನ್ಮಾರ್ಕು ಒಳಗೇ ಉಳಿಯಿತು. ಮೀನಿನ ಮೇಲಿನ ಅಧಿಕಾರ ಗ್ರೀನ್‌ಲೆಂಡಿಗೇ ಬಂತು. 2009ರಲ್ಲಿ ಅವರ ಸ್ವಯಮಾಡಳಿತ ಇನ್ನಷ್ಟು ವಿಸ್ತಾರವಾಯಿತು. ಬೇಕೆಂದಾಗ ಸ್ವತಂತ್ರರಾಗುವ ಹಕ್ಕು ಕಾಯಿದೆಯಲ್ಲಿ ಸೇರಿತು. ಅರುವತ್ತು ಸಾವಿರವೂ ಇಲ್ಲದ ಜನ ಇದನ್ನು ಸಾಧಿಸಿದರು.

ಗ್ರೀನ್‌ಲೆಂಡೂ ಕೂಟ ಬಿಟ್ಟಿತು, ಸ್ಕಾಟ್ಲೆಂಡೂ ಕೂಟ ಬಿಟ್ಟಿತು. ಒಂದು ಬೆಳೆಯಿತು, ಒಂದು ಕುಗ್ಗಿತು. ಕಾರಣವೇನು? ಗ್ರೀನ್‌ಲೆಂಡಿನವರು ತಾವೇ ತೀರ್ಮಾನಿಸಿ ಹೊರಬಂದರು. ಸ್ಕಾಟ್ಲೆಂಡನ್ನು ಬೇರೆಯವರ ತೀರ್ಮಾನ ಹೊರಗೆ ಎಳೆದು ತಂದಿತು. ಕೂಟದ ಒಳಗಿರುವುದೋ ಹೊರಗಿರುವುದೋ ಎಂಬುದು ಎರಡನೆಯ ಪ್ರಶ್ನೆ. ತೀರ್ಮಾನಿಸುವವರು ಯಾರು, ಮರಳಿ ಬಂದ ಅಧಿಕಾರ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದು ಮೊದಲನೆಯ ಪ್ರಶ್ನೆ.

ಡಾ. ರಾಮಮನೋಹರ ಲೋಹಿಯಾ ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ರಾಜ್ಯದ ಮಾತು ಹೇಳಿದರು. ಅದರ ಮೇಲೆ ವಿಶ್ವ ಸರಕಾರವೆಂಬ ಐದನೆಯ ಕಂಬವನ್ನೂ ಬಯಸಿದರು. ಊರಿನ ಅಧಿಕಾರಕ್ಕೂ ವಿಶ್ವದ ಐಕ್ಯಕ್ಕೂ ಅವರು ವಿರೋಧ ಕಾಣಲಿಲ್ಲ. ವಿರೋಧ ಹುಟ್ಟುವುದು ನಡುವಣ ಒಂದೇ ಕಂಬ ಉಳಿದ ಕಂಬಗಳ ಮರವನ್ನೆಲ್ಲ ಕಡಿದು ತಾನೊಂದೇ ದಪ್ಪವಾಗಲು ಹೊರಟಾಗ. ಲಂಡನ್ನು ಮೇಲಿನ ಕಂಬದಿಂದ ಬಿಡಿಸಿಕೊಂಡ ಅಧಿಕಾರವನ್ನು ಕೆಳಗಿನ ಕಂಬಗಳಿಗೆ ಇಳಿಸದೆ ತನ್ನಲ್ಲಿಯೇ ಇಟ್ಟುಕೊಂಡಿತು. ಸಾರ್ವಭೌಮತ್ವದ ಹೆಸರಿನಲ್ಲಿ ಯಾವ ರಾಜಧಾನಿ ಹೀಗೆ ಮಾಡಿದರೂ ಅದು ಜನರ ಸಾರ್ವಭೌಮತ್ವವಲ್ಲ, ರಾಜಧಾನಿಯ ಸಾರ್ವಭೌಮತ್ವ.

ಆದುದರಿಂದ ಅಂತರರಾಷ್ಟ್ರೀಯ ಕೂಟವನ್ನು ಸೇರುವ ಅಥವಾ ಬಿಡುವ ಮಾತು ಯಾವ ದೇಶದಲ್ಲಿ ಬಂದರೂ ದುಡಿಯುವ ಜನ ಮೂರು ಪ್ರಶ್ನೆಗಳನ್ನು ಮುಂದಿಡಬೇಕು. ದೇಶದೊಳಗಿನ ನಾಡುಗಳ ಸಮ್ಮತಿಯನ್ನು ಬೇರೆ ಬೇರೆಯಾಗಿ ಕೇಳಿದ್ದೀರಾ? ಮರಳಿ ಬರುವ ಅಧಿಕಾರ ಯಾವ ಸಭೆಗೆ ಸೇರುತ್ತದೆಂದು ಮೊದಲೇ ಬರೆದಿದ್ದೀರಾ? ಬಡ ಪ್ರದೇಶಕ್ಕೆ ಬರುತ್ತಿದ್ದ ಹಣ ನಾಳೆ ಯಾರ ಕೈಯಿಂದ ಬರುತ್ತದೆ? ಈ ಮೂರಕ್ಕೂ ಮತ ಕೊಡುವ ಮೊದಲೇ ಉತ್ತರ ಬರೆಯಿಸಿಕೊಳ್ಳಬೇಕು. ಮತ ಕೊಟ್ಟ ಮೇಲೆ ಕೇಳಿದರೆ ಸ್ಕಾಟ್ಲೆಂಡಿಗೆ, ವೇಲ್ಸಿಗೆ ಸಿಕ್ಕಿದ ಉತ್ತರವೇ ಸಿಗುತ್ತದೆ. ದಯೆಯಿಂದ ಬಂದ ಅಧಿಕಾರ ದಯೆ ತೀರಿದ ದಿನ ಹೋಗುತ್ತದೆ. ಪಹಣಿಯಲ್ಲಿ ಹೆಸರು ಬರೆಯಿಸುವ ತನಕ ಗೇಣಿದಾರನ ಹೋರಾಟ ಮುಗಿಯುವುದಿಲ್ಲ. ನಾಡುಗಳ ಹೋರಾಟವೂ ಅಷ್ಟೇ.